ಕೊಳೆತ ಮೊಟ್ಟೆಯೂ ಗಟ್ಟಿ ಇಂಗೂ

ಪ್ರತಿಯೊಂದು ಮನೆಯಲ್ಲೂ ಯಾರೂ ನೇಮಕ ಮಾಡದ, ಸಂಬಳವಿಲ್ಲದ, ನಿವೃತ್ತಿಯೂ ಇಲ್ಲದ ಕೆಲವು ಹುದ್ದೆಗಳಿರುತ್ತವೆ. ಬಿಗಿದುಕೊಂಡ ಮುಚ್ಚಳ ತೆಗೆಯುವವರು ಒಬ್ಬರು, ಜೇಡ ಹಿಡಿದು ಹೊರಗೆ ಹಾಕುವವರು ಒಬ್ಬರು, ಬೇಡದ ಫೋನು ಬಂದರೆ ‘ಅವರು ಸ್ನಾನಕ್ಕೆ ಹೋಗಿದ್ದಾರೆ’ ಎಂದು ಸಲೀಸಾಗಿ ಹೇಳುವವರು ಒಬ್ಬರು. ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಮೂಸುವ ಹುದ್ದೆ. ಫ್ರಿಜ್ಜಿನಿಂದ ಹಾಲಿನ ಕ್ಯಾನು ಹೊರಬಂದರೆ ಒಲೆಗೆ ಹೋಗುವ ಮುಂಚೆ ನನ್ನ ಮೂಗಿನ ಕೆಳಗೆ ಹಾದುಹೋಗಬೇಕು. ಮೊನ್ನೆಯ ಹುಳಿ, ಎಂದಿನದೆಂದು ಯಾರಿಗೂ ನೆನಪಿಲ್ಲದ ಚಟ್ನಿ, ಓವನ್ನಿನಲ್ಲಿ ದೀಪ ಹಾಕಿ ಬೆಚ್ಚಗೆ ಮಲಗಿಸಿದ ದೋಸೆ ಹಿಟ್ಟು, ಒಗೆಯಬೇಕೋ ಇನ್ನೊಂದು ದಿನ ಹಾಕಬಹುದೋ ಎಂದು ತೀರ್ಮಾನವಾಗದ ಅಂಗಿ, ಎಲ್ಲವೂ ನನ್ನ ಸನ್ನಿಧಿಗೆ ಬರುತ್ತಿದ್ದವು. ನಾನು ಕಣ್ಣು ಮುಚ್ಚಿ, ಒಂದು ಸಲ ಉದ್ದಕ್ಕೆ ಉಸಿರೆಳೆದು, ತೀರ್ಪು ಕೊಡುತ್ತಿದ್ದೆ. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ‘ಇರಲಿಲ್ಲ’ ಎಂದು ಆಗಿಹೋದ ಮಾತಿನ ಹಾಗೆ ಬರೆಯುತ್ತಿರುವುದನ್ನು ತಾವು ಗಮನಿಸಿರಬಹುದು. ಹೌದು, ಸಂಗತಿ ಅದೇ.

ಈ ವಿದ್ಯೆ ನನಗೆ ಬಂದದ್ದು ನನ್ನ ಅಜ್ಜಿಯಿಂದ, ಮತ್ತು ಅಜ್ಜಿಯ ಹಿರಿಯ ಮಗಳಾದ ನನ್ನ ದೊಡ್ಡಮ್ಮನಿಂದ. ಬರೇ ‘ಏನೋ ವಾಸನೆ’ ಎಂದರೆ ಅವರಿಬ್ಬರಿಗೂ ಸಮಾಧಾನವಿರಲಿಲ್ಲ. ಎಂಥ ವಾಸನೆ? ಹಳೆಯ ಎಣ್ಣೆಯದಾದರೆ ಕಮಟು. ಮಡಿಸಿಟ್ಟು ಮರೆತ ಬಟ್ಟೆಯದಾದರೆ ಮುಗ್ಗಲು. ತಳ ಹಿಡಿದದ್ದು ಸೀದ ವಾಸನೆ, ಕೂದಲು ಸುಟ್ಟರೆ ಕಮರು, ಮೆಣಸಿನಕಾಯಿ ಹುರಿದರೆ ಘಾಟು, ಅವಸರಕ್ಕೆ ಬೇಗ ಇಳಿಸಿದ ಸಾರಿನದು ಹಸಿ ವಾಸನೆ. ಒಳ್ಳೆಯದರಲ್ಲೂ ಭೇದವುಂಟು: ಹೂವಿಗೆ ಪರಿಮಳ, ಒಗ್ಗರಣೆಗೆ ಘಮ. ತಪ್ಪಿದರೆ ಅಲ್ಲೇ ತಿದ್ದುತ್ತಿದ್ದರು. ಒಮ್ಮೆ ನಾನು ಹಪ್ಪಳ ಕರಿದ ಎಣ್ಣೆ ಮೂಸಿ “ಹಳಸಿದೆ” ಅಂದದ್ದಕ್ಕೆ ದೊಡ್ಡಮ್ಮ, “ಹಳಸೋದು ಅನ್ನ ಕಣೋ. ಎಣ್ಣೆ ಕಮಟು ಹಿಡಿಯತ್ತೆ. ಮೂಗಿದ್ರೆ ಸಾಲ್ದು, ನಾಲಿಗೆನೂ ನೆಟ್ಟಗಿರ್ಬೇಕು” ಎಂದು ಗದರಿದ್ದರು. ನನ್ನ ಕನ್ನಡದಲ್ಲಿ ಅರ್ಧದಷ್ಟನ್ನು ನಾನು ಕಲಿತದ್ದು ಹೀಗೆ ಪಾತ್ರೆಗಳ ಮೇಲೆ ಬಗ್ಗಿ. ಹೈಸ್ಕೂಲಿನಲ್ಲಿರುವ ನನ್ನ ಮಗಳು ಅನಘಾಳಿಗೆ ಈ ಪದಗಳನ್ನೆಲ್ಲ ಕಲಿಸಲು ನಾನು ಪಟ್ಟ ಪ್ರಯತ್ನ ಸಣ್ಣದಲ್ಲ. ಕಮಟು, ಮುಗ್ಗಲು, ಕಮರು, ಇಷ್ಟಕ್ಕೂ ಅವಳ ಬಳಿ ಇರುವುದು ಒಂದೇ ಪದ: “ಯಕ್!”

ಇಂಥ ಮೂಗನ್ನು ಹೊತ್ತುಕೊಂಡು ನಾನು ಬಂದು ನೆಲೆಸಿದ್ದು ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ. ಚಳಿಗಾಲದಲ್ಲಿ ಇಲ್ಲಿ ಮನೆಯಿಂದ ಹೊರಗೆ ಮೂಗಿಗೆ ಕೆಲಸವೇ ಇಲ್ಲ. ವಾಸನೆಗಳೂ ನಮ್ಮ ಹಾಗೆಯೇ ಚಳಿಗೆ ಮುದುರಿಕೊಂಡು ಕೂತುಬಿಡುತ್ತವೆ, ಹುಟ್ಟಿದ ಜಾಗ ಬಿಟ್ಟು ಕದಲುವುದಿಲ್ಲ. ಕಸದ ಲಾರಿ ಮೈಗೆ ತಾಗುವಷ್ಟು ಹತ್ತಿರ ಹಾದುಹೋದರೂ ಬರುವುದು ಅದರ ಸದ್ದು ಮಾತ್ರ. ಹಿಮಕ್ಕೂ ಒಂದು ಪರಿಮಳವಿದೆ ಎಂದು ಹೇಳುವವರನ್ನು ಕಂಡಿದ್ದೇನೆ. ಅವರ ಮನೆ ಮುಂದಿನ ಹಿಮವನ್ನು ಬೇರೆ ಯಾರೋ ಎತ್ತಿಹಾಕುತ್ತಿರಬೇಕು. ಆಫೀಸಿಗೆ ಹೋದರೆ ಅಲ್ಲೂ ಅಷ್ಟೇ. ನಾನು ಕೆಲಸ ಮಾಡುವುದು ಡೇಟಾ ಸೆಂಟರಿನಲ್ಲಿ. ಕಿಟಕಿಯಿಲ್ಲದ ಭಾರಿ ಕಟ್ಟಡ, ಒಳಗೆ ಸಾಲುಸಾಲು ಯಂತ್ರಗಳು, ಸೋಸಿ ಸೋಸಿ ಜೀವವೇ ಹೋದಂಥ ಗಾಳಿ. ಅಲ್ಲಿ ಏನಾದರೂ ವಾಸನೆ ಬಂತು ಎಂದರೆ ಯಾರದೋ ಕೆಲಸ ಹೋಯಿತು ಎಂದೇ ಅರ್ಥ.

ಮನೆಯೊಳಗೆ ಕಾಲಿಟ್ಟರೆ ಎಲ್ಲ ತಿರುವುಮುರುವು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ, ನವೆಂಬರ್ ಕೊನೆಯಲ್ಲಿ, ಮುಚ್ಚಿದ ಕಿಟಕಿಯನ್ನು ಯುಗಾದಿಯವರೆಗೆ ಯಾರೂ ಮುಟ್ಟುವುದಿಲ್ಲ. ಹೀಟರು ಇದ್ದ ಗಾಳಿಯನ್ನೇ ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ತಿರುಗಿಸುತ್ತಿರುತ್ತದೆ. ದೀಪಾವಳಿಯಲ್ಲಿ ಕರಿದ ಚಕ್ಕುಲಿ ತಿಂದು ಮುಗಿದ ಮೇಲೂ ಒಂದು ರೀತಿಯಲ್ಲಿ ಮನೆಯಲ್ಲಿ ಇದ್ದೇ ಇರುತ್ತದೆ. ಕೆಳಗೆ ಕೊಟ್ಟ ಒಗ್ಗರಣೆ ಮಹಡಿ ಹತ್ತಿ ಸ್ನಾನದ ಮನೆಯವರೆಗೂ ಹೋಗಿ ಬರುತ್ತದೆ. ಹೊರಗೆ ಶೂನ್ಯ, ಒಳಗೆ ಸಂತೆ. ಈ ಎರಡರ ನಡುವೆ ಓಡಾಡುವ ಮೂಗು ತನ್ನ ಸಮತೋಲ ಕಾಪಾಡಿಕೊಳ್ಳುವುದು ಸುಲಭದ ಮಾತಲ್ಲ ಎಂದು ಈಗ ಹೇಳಿದರೆ ನೆಪ ಹೇಳುತ್ತಿದ್ದಾನೆ ಎನ್ನುತ್ತೀರಿ.

ನನ್ನ ಹುದ್ದೆಯ ವೈಭವದ ಕಾಲವೂ ಒಂದಿತ್ತು. ಕೋವಿಡ್ ಬಂದ ವರ್ಷ ವಾಸನೆ ಗೊತ್ತಾಗುವುದೇ ಆರೋಗ್ಯದ ಲಕ್ಷಣವಾಗಿಬಿಟ್ಟಿತು. ದಿನಾ ಬೆಳಿಗ್ಗೆ ನಾನು ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ “ಬರ್ತಿದೆ” ಎಂದು ಘೋಷಿಸಿದ ಮೇಲೆಯೇ ಮನೆಯವರು ಉಸಿರು ಬಿಡುತ್ತಿದ್ದದ್ದು. ಆಮೇಲೆ ಕಾಲ ಬದಲಾಯಿತು. ಅನಘಾ ದೊಡ್ಡವಳಾದಳು, ಡಬ್ಬಿಗಳ ಮೇಲೆ ಅಚ್ಚಾದ ತಾರೀಕು ಓದಲು ಕಲಿತಳು.

“ಅಪ್ಪಾ, ಡೇಟ್ ಆಯ್ತು. ಥ್ರೋ ಮಾಡು.”

“ಹಾಲಿಗೆ ಕ್ಯಾಲೆಂಡರ್ ಓದೋಕೆ ಬರಲ್ಲ ಕಣಮ್ಮ. ತಾ ಇಲ್ಲಿ, ನಾನು ನೋಡ್ತೀನಿ.”

“ದಟ್ಸ್ ನಾಟ್ ಸೈನ್ಸ್, ಅಪ್ಪಾ.”

ನನ್ನ ಹೆಂಡತಿ ರೂಪಾ ಇಬ್ಬರ ನಡುವೆ ನಿಂತು, ನನ್ನ ಮುಖ ನೋಡಿ ಹಾಲನ್ನು ಫ್ರಿಜ್ಜಿನಲ್ಲಿಡುವಳು. ನಾನು ಅತ್ತ ಹೋದ ಮೇಲೆ ಸಿಂಕಿಗೆ ಸುರಿಯುವಳು. ಹೀಗೆ ಹುದ್ದೆ ಅಲ್ಲಾಡುತ್ತಿದ್ದ ಜನವರಿಯಲ್ಲೇ ದೊಡ್ಡಮ್ಮ ನಮ್ಮ ಮನೆಗೆ ಬರುವುದೆಂದು ನಿಶ್ಚಯವಾಯಿತು.

ದೊಡ್ಡಮ್ಮ ಆ ವರ್ಷ ಮೈಸೂರಿನಿಂದ ತಮ್ಮ ಮಗನ ಮನೆಗೆಂದು ನಮಗಿಂತ ದಕ್ಷಿಣದ ಊರಾದ ಏಪೆಕ್ಸ್‌ಗೆ ಬಂದಿದ್ದರು. ಅಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿ. ಎರಡು ಮೂರು ವಾರ ನಮ್ಮಲ್ಲಿದ್ದು ಹೋಗುತ್ತೇನೆ ಎಂದರು. ನನಗೆ ಗುರು ಬರುತ್ತಿರುವ ಸಂಭ್ರಮವಾದರೆ ರೂಪಾಳಿಗೆ ಇನ್‌ಸ್ಪೆಕ್ಟರ್ ಬರುತ್ತಿರುವ ಗಾಬರಿ.

“ರೀ, ದೊಡ್ಡಮ್ಮನ ಮೂಗು ಎಂಥದ್ದು ಅಂತ ನೀವೇ ಹೇಳ್ತಿರ್ತೀರಿ. ಒಲೆ ಹಿಂದ್ಗಡೆ ನೋಡಿದೀರಾ ಯಾವತ್ತಾದ್ರೂ? ನಾವು ಈ ಮನೆ ತಗೊಂಡಾಗಿಂದ ಅಲ್ಲಿಗೆ ಯಾರೂ ಹೋಗಿಲ್ಲ. ಅದನ್ನ ಪುಲ್ ಮಾಡಿ ಕ್ಲೀನ್ ಮಾಡ್ಲೇಬೇಕು.”

ನಾನೇ ಒಲೆಯನ್ನು ಹಿಡಿದು, ಏದುಸಿರು ಬಿಡುತ್ತ, ಗೋಡೆಯಿಂದ ಈಚೆಗೆ ಎಳೆದೆ. ಹಿಂದೆ ಒಣಗಿದ ಕರಿಬೇವಿನ ಕಡ್ಡಿಗಳು, ಒಂದು ಚಮಚ, ಅನಘಾ ಚಿಕ್ಕವಳಿದ್ದಾಗ ಕಳೆದುಕೊಂಡು ಮನೆಯೆಲ್ಲ ಹುಡುಕಿ ಅತ್ತಿದ್ದ ಆಟಿಕೆ ಕುದುರೆ, ಮತ್ತು ಎಷ್ಟೋ ಕಾಲದ ಜಿಡ್ಡು ಸಿಕ್ಕವು. ಎಲ್ಲ ಒರೆಸಿ, ತೊಳೆದು, ಒಲೆಯನ್ನು ಸೊಂಟದಿಂದ ಒತ್ತಿ ಒಳಕ್ಕೆ ತಳ್ಳಿದೆ. ಮನೆಯ ವಾಸನೆಗಳ ಮೂಲವನ್ನೇ ಕಿತ್ತುಹಾಕಿದೆ ಎಂದು ಬೀಗಿದೆ.

ಅದೇ ಸಂಜೆ ದೊಡ್ಡಮ್ಮ ಬಂದಿಳಿದರು. ಕೋಟಿನ ಮೇಲೆ ಶಾಲು, ಶಾಲಿನ ಮೇಲೆ ಮಂಕಿಟೋಪಿ. “ಏಪೆಕ್ಸ್‌ನಲ್ಲಿ ಇಷ್ಟು ಚಳಿ ಇಲ್ಲ ಕಣೋ ಮುರಳಿ. ಇಲ್ಲಿ ಮೂಗು ಇದ್ಯೋ ಬಿದ್ದುಹೋಯ್ತೋ ಮುಟ್ಟಿ ನೋಡ್ಕೋಬೇಕು” ಎನ್ನುತ್ತಲೇ ಒಳಬಂದರು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಮೂಗು ಅರಳಿಸಿದ್ದು ನನಗೆ ನೆನಪಿದೆ. ಏನೂ ಹೇಳಲಿಲ್ಲ. ಆಮೇಲೆ ಪೆಟ್ಟಿಗೆ ಬಿಚ್ಚಿ ಒಂದು ಗಂಟು ತೆಗೆದರು. ಸೀರೆಯ ತುಂಡಿನೊಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಸ್ಟೀಲ್ ಡಬ್ಬಿ, ಅದರೊಳಗೆ ಇನ್ನೊಂದು ಕವರು, ಅದರೊಳಗೆ ಕಂದು ಬಣ್ಣದ ಒಂದು ಗಟ್ಟಿ ಉಂಡೆ. ಇಂಗು.

“ನೀವು ತಿನ್ನೋ ಪುಡಿ ಇಂಗು ಇಂಗೇ ಅಲ್ಲ, ಅದು ಹಿಟ್ಟು. ಇದು ನೋಡು. ಒಂದು ಸಾಸಿವೆಕಾಳಿನಷ್ಟು ಹಾಕಿದ್ರೆ ಬೀದಿಗೆಲ್ಲ ಗೊತ್ತಾಗ್ಬೇಕು.”

ಬೀದಿಗೆ ಗೊತ್ತಾಗಲು ಕಿಟಕಿ ತೆರೆದಿರಬೇಕಲ್ಲ. ನಮಗಂತೂ ಗೊತ್ತಾಯಿತು. ಎರಡು ದಿನ ಕಳೆಯುವಷ್ಟರಲ್ಲಿ ಅನಘಾ ಮೂಗು ಹಿಡಿದುಕೊಂಡು ಬಂದು, “ಅಪ್ಪಾ, ಕಿಚನ್‌ನಲ್ಲಿ ವಿಯರ್ಡ್ ಸ್ಮೆಲ್ ಇದೆ” ಎಂದಳು. ನಾನು ಕಣ್ಣು ಮುಚ್ಚಿ, ಎಳೆದು, “ಇಂಗು” ಎಂದು ತೀರ್ಪಿತ್ತೆ. ರೂಪಾ ಕೇಳಿದಾಗಲೂ “ಗಟ್ಟಿ ಇಂಗು” ಎಂದೆ. ಅವಳು ವಾಸನೆ ಹೋಗಲೆಂದು ಒಲೆಯ ಪಕ್ಕದಲ್ಲೇ ಊದುಬತ್ತಿ ಹಚ್ಚಿಟ್ಟಳು. ಆ ಊದುಬತ್ತಿಯನ್ನು ನೆನೆಸಿಕೊಂಡರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಶನಿವಾರ ಬೆಳಿಗ್ಗೆ ತಿಂಡಿ ಆಗಿತ್ತು. ಹೊರಗೆ ಬಿದ್ದ ಹಿಮ ಗಟ್ಟಿಯಾಗಿ ಗಾಜಿನ ಹಾಗೆ ಹೊಳೆಯುತ್ತಿತ್ತು. ದೊಡ್ಡಮ್ಮ ಮೇಲಿನ ಕೋಣೆಯಲ್ಲಿ ಜಪಕ್ಕೆ ಕೂತಿದ್ದರು. ಅನಘಾ ಅಡುಗೆಮನೆಗೆ ಬಂದವಳು ಹಾಗೇ ನಿಂತಳು.

“ಅಪ್ಪಾ, ವಾಟ್ ಇಫ್ ಇಟ್ಸ್ ಗ್ಯಾಸ್? ಗ್ಯಾಸ್ ಲೀಕ್ ಆದ್ರೆ ರಾಟನ್ ಎಗ್ಸ್ ತರ ಸ್ಮೆಲ್ ಬರತ್ತೆ. ಸ್ಕೂಲಲ್ಲಿ ಹೇಳಿದಾರೆ.”

“ಇದು ಇಂಗು ಕಣೆ.”

“ಆರ್ ಯು ಶ್ಯೂರ್?”

ರೂಪಾ ಸೌಟು ಕೆಳಗಿಟ್ಟಳು. “ರೀ, ಕೊಳೆತ ಮೊಟ್ಟೆ ವಾಸನೆ ಹೇಗಿರತ್ತೆ?”

ತಾಯಿ ಮಗಳು ಇಬ್ಬರೂ ನನ್ನತ್ತ ನೋಡಿದರು. ಇಂಥ ಪ್ರಶ್ನೆಗಳಿಗೆಂದೇ ಅಲ್ಲವೇ ನಾನು ಈ ಹುದ್ದೆಯಲ್ಲಿದ್ದದ್ದು? ಕಮಟು ಗೊತ್ತು, ಮುಗ್ಗಲು ಗೊತ್ತು, ಕಮರು ಗೊತ್ತು. ಮೊಟ್ಟೆ ಮಾತ್ರ ನನ್ನ ಪಠ್ಯದಲ್ಲೇ ಇರಲಿಲ್ಲ. ನಾನು ಬೆಳೆದ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟಿರಲಿಲ್ಲ; ಒಳ್ಳೆಯ ಮೊಟ್ಟೆಯೇ ಬಾರದ ಮನೆಗೆ ಕೊಳೆತದ್ದು ಎಲ್ಲಿಂದ ಬರಬೇಕು? ರೂಪಾಳ ತವರಿನಲ್ಲೂ ಅದೇ ಕಥೆ. ಅನಘಾ ಗೆಳತಿಯರ ಮನೆಯಲ್ಲಿ ಕೇಕು ತಿನ್ನುತ್ತಾಳೆ, ಆದರೆ ಕೊಳೆತದ್ದರಿಂದ ಯಾರೂ ಕೇಕು ಮಾಡುವುದಿಲ್ಲ.

ಒಂದು ವಿಚಿತ್ರ ನೋಡಿ. ಈ ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲವಂತೆ. ಸೋರಿದರೆ ಜನಕ್ಕೆ ತಿಳಿಯಲೆಂದು ಕಂಪನಿಯವರೇ ವಾಸನೆ ಬೆರೆಸುತ್ತಾರೆ. ಲೋಕದಲ್ಲಿರುವ ವಾಸನೆಗಳನ್ನೆಲ್ಲ ಬಿಟ್ಟು, ಮೂಗಿಗೆ ಬಿದ್ದೊಡನೆ ಮನುಷ್ಯ ಮನೆ ಬಿಟ್ಟು ಓಡಬೇಕು, ಅಂಥದಿರಬೇಕು ಎಂದು ಹುಡುಕಿ ಹುಡುಕಿ ಆರಿಸಿದ್ದಾರೆ. ಆರಿಸಿದವರು ನಮ್ಮ ತಿಳಿಸಾರು ಉಂಡಿರಲಿಲ್ಲ. ಯಾವ ವಾಸನೆಗೆ ಊರೆಲ್ಲ ಹೊರಗೆ ಓಡುತ್ತದೋ ಅದೇ ವಾಸನೆಗೆ ನಾವು ತಟ್ಟೆ ಹಾಕಿಕೊಂಡು ಒಳಗೆ ಕೂರುತ್ತೇವೆ.

ಅನಘಾಳ ವಾದ ಸರಳವಾಗಿತ್ತು: ಈಗಲೇ ಹೊರಗೆ ಹೋಗೋಣ, ಗ್ಯಾಸ್ ಕಂಪನಿಗೆ ಫೋನ್ ಮಾಡೋಣ. ನನಗೆ ಅದು ಸರಳವಾಗಿರಲಿಲ್ಲ. ಕೆಮ್ಮುವ ದೊಡ್ಡಮ್ಮನನ್ನು ಆ ಚಳಿಯಲ್ಲಿ ಹೊರಗೆ ನಿಲ್ಲಿಸಬೇಕು. ದೀಪ ಮಿನುಗಿಸುತ್ತ ಗಾಡಿ ಬರುತ್ತದೆ, ಸಾಲುಮನೆಗಳ ಪರದೆಗಳೆಲ್ಲ ಸರಿಯುತ್ತವೆ, ಹೆಲ್ಮೆಟ್ಟು ಹಾಕಿದವರು ಒಳಬಂದು ಅಡುಗೆಮನೆಯಲ್ಲಿ ಒಂದು ಇಂಗಿನ ಉಂಡೆಯನ್ನು ಬಂಧಿಸುತ್ತಾರೆ. ಆಮೇಲೆ ಈ ಮನೆಯಲ್ಲಿ ನನ್ನ ಮೂಗನ್ನು ಯಾರು ಕೇಳುತ್ತಾರೆ? ಇಂಗೆಂದು ಸುಮ್ಮನಿದ್ದು ಅದು ಗ್ಯಾಸೇ ಆಗಿದ್ದರೆ, ಆಮೇಲೆ ಕೇಳಲು ಯಾರೂ ಇರುವುದಿಲ್ಲ. ಒಂದು ಕಡೆ ನಾಲ್ಕು ಜೀವ, ಇನ್ನೊಂದು ಕಡೆ ನನ್ನ ಮಾನ. ತೂಗಿ ನೋಡಲು ನಾನು ಒಂದು ಗಳಿಗೆ ತೆಗೆದುಕೊಂಡೆ ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

“ಡಾಕ್ಟರ್ ಮಾರುತಿಗೆ ಕೇಳೋಣ” ಎಂದೆ. ಮಾರುತಿ ಗದಗಿನ ಕಡೆಯವರು. ಮೊದಲು ನಮ್ಮ ಸಾಲಿನಲ್ಲೇ ಇದ್ದರು, ಈಗ ಒಂದು ದಿನದ ದಾರಿಯಾಚೆ ಶಾರ್ಲೆಟ್‌ನ ಬ್ಯಾಲಂಟೈನ್‌ನಲ್ಲಿದ್ದಾರೆ. ಬೆಳಿಗ್ಗೆ ತಪ್ಪದೆ ಆಮ್ಲೆಟ್ ತಿನ್ನುವ ನನ್ನ ಏಕೈಕ ಆಪ್ತ ಸ್ನೇಹಿತರು.

“ಫೋನ್ ಒಳಗೆ ಯೂಸ್ ಮಾಡ್ಬೇಡ, ಅಪ್ಪಾ! ಸ್ಪಾರ್ಕ್ ಬಂದ್ರೆ?” ಎಂದು ಅನಘಾ ನನ್ನನ್ನು ಬಾಗಿಲಿನಿಂದ ಹೊರಗೆ ದೂಡಿದಳು. ಹವಾಯಿ ಚಪ್ಪಲಿಯಲ್ಲಿ ಮೆಟ್ಟಿಲ ಮೇಲೆ ನಿಂತು ನಾನು ಫೋನ್ ಮಾಡಿದೆ.

“ಡಾಕ್ಟ್ರೇ, ಒಂದು ಅರ್ಜೆಂಟ್ ಪ್ರಶ್ನೆ. ಕೊಳೆತ ಮೊಟ್ಟೆ ವಾಸನೆ ಹೇಗಿರತ್ತೆ?”

“ಮುಂಜಾನೆ ಮುಂಜಾನೆ ಏನ್ ಕೇಳಾಕತ್ತೀರಿ ಸರ? ನನಗ್ಹೆಂಗ ಗೊತ್ತಿರತೈತಿ?”

“ನೀವು ಮೊಟ್ಟೆ ತಿಂತೀರಲ್ಲ!”

“ತಿಂತೀನ್ರಿ. ತಿನ್ನೂ ಮನ್ಯಾಗ ತತ್ತಿ ಕೊಳೀಲಿಕ್ಕೆ ಯಾರ್ ಬಿಡ್ತಾರ? ಅದರಾಗೂ ಈ ದೇಶದಾಗ ಹುಟ್ಟಿದ ತಾಸಿಗೆ ಫ್ರಿಜ್ಜಿಗೆ ಹೊಕ್ಕಾವು. ಕೊಳತ ತತ್ತಿ ಮೂಸಿದಾವರು ಇಲ್ಲಿ ಒಬ್ಬರೂ ಸಿಗಂಗಿಲ್ಲ ನಿಮಗ. ಯಾಕ್ರಿ, ಏನಾತು?”

ನಾನು ಹೇಳಿದೆ. ಗ್ಯಾಸಿರಬಹುದು ಎಂದೆ, ಇಂಗಿರಬಹುದು ಎಂದೆ.

“ಯಪ್ಪಾ, ಇಂಗೋ ಗ್ಯಾಸೋ ಆಮ್ಯಾಗ ನೋಡೂಣು, ಮೊದಲ ಎಲ್ಲಾರ್ನೂ ಕರಕೊಂಡು ಹೊರಗ ಬರ್ರಿ!” ಎಂದು ಗದರಿ ಫೋನಿಟ್ಟರು.

ಒಳಗೆ ಬಂದರೆ ರೂಪಾ ಹೊಸದೊಂದು ದಾರಿ ಕಂಡುಕೊಂಡಿದ್ದಳು. ಗ್ಯಾಸ್ ಕಂಪನಿಯವರು ಎಂದೋ ಬಿಲ್ಲಿನ ಜೊತೆ ಒಂದು ಕಾರ್ಡು ಕಳಿಸಿದ್ದರು. ಅದರ ಮೂಲೆಯಲ್ಲೊಂದು ಬಣ್ಣದ ಚುಕ್ಕೆ. ಉಗುರಿನಿಂದ ಕೆರೆದು ಮೂಸಿದರೆ ಗ್ಯಾಸಿನ ವಾಸನೆ ಬರುತ್ತದೆ, ಮನೆಯವರೆಲ್ಲ ಗುರುತು ಮಾಡಿಕೊಳ್ಳಿ ಎಂದು ಉಪಕಾರ. ರೂಪಾ ಅದನ್ನು ಡ್ರಾಯರಿನಿಂದ ತೆಗೆದು ಕೆರೆದು ಚಾಚಿದಳು. ನಾನು ಮೂಸಿದೆ. ಅಡುಗೆಮನೆಯ ಗಾಳಿಯೂ ಕಾರ್ಡೂ ಒಂದೇ ವಾಸನೆ!

“ಗ್ಯಾಸೇ!” ಎಂದೆ.

“ಇರಿ. ಇದನ್ನ ಎಲ್ಲಿಟ್ಟಿದ್ದೆ ಗೊತ್ತಾ? ಮಸಾಲೆ ಡ್ರಾಯರ್‌ನಲ್ಲಿ. ದೊಡ್ಡಮ್ಮನ ಇಂಗಿನ ಡಬ್ಬಿ ಪಕ್ಕದಲ್ಲೇ.”

ನಾನು ಕಾರ್ಡಿನ ಇನ್ನೊಂದು ಮೂಲೆಯನ್ನು ಮೂಸಿದೆ. ಕೆರೆಯದ ಮೂಲೆಯಲ್ಲೂ ಅದೇ ವಾಸನೆ. ಹಿಂಬದಿಯಲ್ಲಿ ಅಚ್ಚಾದ ಫೋನ್ ನಂಬರಿನಲ್ಲೂ ಅದೇ ವಾಸನೆ. ಹಾಗಾದರೆ ಗಾಳಿಯಲ್ಲಿರುವುದು ಇಂಗು, ಅದು ಕಾರ್ಡಿಗೆ ಹತ್ತಿದೆಯೋ. ಅಥವಾ ಗಾಳಿಯಲ್ಲಿರುವುದು ಗ್ಯಾಸು, ಕಾರ್ಡಿನಲ್ಲಿರುವುದು ಇಂಗೋ. ಇಲ್ಲ, ಕಾರ್ಡು ಹೇಳುತ್ತಿರುವುದೇ ನಿಜವೋ? ಮೂವರೂ ಕಾರ್ಡನ್ನು ಕೈಯಿಂದ ಕೈಗೆ ದಾಟಿಸುತ್ತ ಮೂಸುತ್ತಿದ್ದಾಗ ದೊಡ್ಡಮ್ಮ ಮೆಟ್ಟಿಲಿಳಿದು ಬಂದರು.

“ಏನ್ರೋ ಅದು, ಎಲ್ಲರೂ ಕಾಗದ ಮೂಸ್ಕೊಂಡು ನಿಂತಿದೀರಾ?”

“ನಿಮ್ಮ ಇಂಗಿನ ವಾಸನೆ ದೊಡ್ಡಮ್ಮ, ಗ್ಯಾಸೇನೋ ಅಂತ ಅನಘಾ ಹೆದರ್ಕೊಂಡಿದಾಳೆ” ಎಂದೆ, ನಗುತ್ತ.

ದೊಡ್ಡಮ್ಮ ನಗಲಿಲ್ಲ. “ನನ್ನ ಇಂಗೇ? ನಾನು ಇವತ್ತು ಇಂಗಿನ ಡಬ್ಬಿ ಮುಟ್ಟೇ ಇಲ್ವಲ್ಲೋ. ಬೆಳಿಗ್ಗೆ ಮಾಡಿದ್ದು ಉಪ್ಪಿಟ್ಟು. ಉಪ್ಪಿಟ್ಟಿಗೆ ಯಾರಾದ್ರೂ ಇಂಗು ಹಾಕ್ತಾರೇನೋ?”

ಇಷ್ಟು ಹೊತ್ತು ಗದಗಿನವರನ್ನು ಕೇಳಿದ್ದೆವು, ಕಾರ್ಡನ್ನು ಕೇಳಿದ್ದೆವು. ಅಡುಗೆ ಮಾಡಿದವರನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಹಾಗಾದ್ರೆ ಈ ವಾಸನೆ?” ಎಂದಳು ರೂಪಾ.

“ಇದೇ? ಇದು ನಾನು ಬಂದ ದಿನದಿಂದ ಇದೆಯಲ್ಲಮ್ಮ. ಬಾಗಿಲು ದಾಟಿದ ತಕ್ಷಣ ಬಂತು.”

“ಮತ್ತೆ ಹೇಳ್ಲೇ ಇಲ್ಲ!” ನನ್ನ ದನಿ ಕೀರಲಾಗಿತ್ತು.

“ಒಬ್ಬೊಬ್ಬರ ಮನೆಗೆ ಒಂದೊಂದು ವಾಸನೆ ಇರ್ತದಪ್ಪ. ನಿಮ್ಮನೆದು ಹೀಗೇ ಅಂದ್ಕೊಂಡೆ. ಬಂದ ನೆಂಟರು ಅದನ್ನೆಲ್ಲ ಆಡ್ತಾರಾ? ಪಾಪ, ನಿನ್ನ ಹೆಂಡ್ತಿ ಅಷ್ಟು ಕಷ್ಟಪಟ್ಟು ಮನೆ ತೊಳ್ದಿದಾಳೆ, ಬೇಜಾರು ಮಾಡ್ಕೋತಾಳೆ ಅಂತ ಸುಮ್ನಿದ್ದೆ.”

ಅನಘಾ ಮುಂದಿನ ಮಾತಿಗೆ ಕಾಯಲಿಲ್ಲ. “ಔಟ್! ಎವ್ರಿಬಡಿ ಔಟ್! ದೊಡ್ಡಜ್ಜಿ, ಬನ್ನಿ, ಬನ್ನಿ!” ಎಂದು ದೊಡ್ಡಮ್ಮನಿಗೆ ಸೋಫಾದ ಮೇಲಿದ್ದ ರಜಾಯಿ ಸುತ್ತಿ, ಕೈ ಹಿಡಿದು ಹೊರಗೆ ನಡೆಸಿದಳು. ಮನೆಯಿಂದ ದೂರದಲ್ಲಿ, ಅತಿಥಿಗಳ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ್ದ ನಮ್ಮ ಕಾರಿನಲ್ಲಿ ಎಲ್ಲರೂ ತೂರಿಕೊಂಡೆವು. ಕಂಪನಿಗೆ ಫೋನ್ ಮಾಡಿದವಳೂ ಅವಳೇ. ನಾನು ಸ್ಟಿಯರಿಂಗಿನ ಹಿಂದೆ ಕೂತು ಹೀಟರಿನ ಗುಂಡಿ ತಿರುಗಿಸುತ್ತಿದ್ದೆ. ಆ ಹೊತ್ತಿಗೆ ಅದೊಂದೇ ಕೆಲಸ ನನ್ನ ಕೈಲಾಗುವಂಥದ್ದಾಗಿತ್ತು.

ಗ್ಯಾಸ್ ಕಂಪನಿಯ ಮನುಷ್ಯ ಬಂದು, ನಳಿಕೆಯಂಥ ಮೂತಿಯಿದ್ದ ಒಂದು ಯಂತ್ರ ಹಿಡಿದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಗ್ಯಾಸು ಬಂದ್ ಮಾಡಿ ಈಚೆಗೆ ಬಂದ. ಒಲೆಯ ಹಿಂದಿನ ಬಳುಕುವ ಕೊಳವೆ ಬಿಗಿ ಸಡಿಲವಾಗಿ ತೆಳ್ಳಗೆ ಸೋರುತ್ತಿದೆ, ಈಚೆಗೆ ಯಾರಾದರೂ ಒಲೆಯನ್ನು ಎಳೆದಿದ್ದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ರೂಪಾ ನನ್ನ ಮುಖ ನೋಡಲಿಲ್ಲ. ಅದೇ ಅವಳ ದೊಡ್ಡತನ. ಎಂದಿನಿಂದ ವಾಸನೆ ಬರುತ್ತಿದೆ ಎಂದದ್ದಕ್ಕೆ ನಾನು “ಇವತ್ತು ಬೆಳಿಗ್ಗೆಯಿಂದ” ಎಂದೆ. ಸ್ಮೆಲ್ ಎಂಬ ಮಾತು ಕಿವಿಗೆ ಬಿದ್ದ ದೊಡ್ಡಮ್ಮ ರಜಾಯಿಯೊಳಗಿನಿಂದಲೇ, “ನಾನು ಬಂದ ದಿನದಿಂದ ಅಂತ ಹೇಳೇ” ಎಂದರು. ಅನಘಾ ಒಂದಕ್ಷರ ಬಿಡದೆ ಅನುವಾದಿಸಿದಳು. ಇಷ್ಟು ದಿನ ಏನೆಂದುಕೊಂಡಿದ್ದಿರಿ ಎಂದು ಅವನು ಕೇಳಿದ. ಒಂದು ಗಿಡದ ಅಂಟು, ಬೇಳೆಗೆ ಹಾಕುತ್ತೇವೆ, ಹೊಟ್ಟೆಗೆ ಒಳ್ಳೆಯದು ಎಂದೆಲ್ಲ ವಿವರಿಸಿದೆ.

ಕೊಳವೆ ಬದಲಾಯಿಸಿ, ಕಿಟಕಿಗಳನ್ನೆಲ್ಲ ತೆರೆಸಿ, ಗಾಳಿ ಶುದ್ಧವಾದ ಮೇಲೆ ನಾವು ಒಳಗೆ ಹೋದಾಗ ದೊಡ್ಡಮ್ಮ ಸುಮ್ಮನಿರಲಿಲ್ಲ. ತಮ್ಮ ಇಂಗಿನ ಮೇಲೆ ಬಂದಿದ್ದ ಅಪವಾದ ಪೂರ್ತಿ ತೊಲಗಬೇಕಿತ್ತು. ಡಬ್ಬಿ ತಂದು, ಮುಚ್ಚಳ ತೆಗೆದು ಅವನೆದುರು ಹಿಡಿದರು. ಅವನು ಮೂಸಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಕುತೂಹಲಕ್ಕೋ ಕರ್ತವ್ಯಕ್ಕೋ ಯಂತ್ರದ ಮೂತಿಯನ್ನು ಉಂಡೆಯ ಹತ್ತಿರ ತಂದ. ಯಂತ್ರ ತುಟಿಪಿಟಕ್ಕೆನ್ನಲಿಲ್ಲ. “ನೋಡಿದ್ಯಾ, ಅದಕ್ಕೆ ಗೊತ್ತು” ಎಂದರು ದೊಡ್ಡಮ್ಮ. ಯಾರಿಗೆ ಗೊತ್ತಿಲ್ಲ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನವೇ ಒಲೆಯ ಪಕ್ಕದ ಪ್ಲಗ್ಗಿಗೆ ಒಂದು ಬಿಳಿ ಪೆಟ್ಟಿಗೆ ಬಂದು ಕೂತಿತು. ಗ್ಯಾಸ್ ಸೋರಿದರೆ ಅದು ಕೂಗುತ್ತದೆಯಂತೆ. ಹಸಿರು ಕಣ್ಣು ಬಿಟ್ಟುಕೊಂಡು ದಿನವಿಡೀ ನನ್ನನ್ನೇ ನೋಡುತ್ತಿರುತ್ತದೆ. ದೊಡ್ಡಮ್ಮ ಇದ್ದಷ್ಟು ದಿನ ಹಾಲೂ ಹಿಟ್ಟೂ ಅವರ ಮೂಗಿಗೆ ಹೋದವು. ಹೊರಡುವ ದಿನ ಅವರು ನನ್ನ ಸಪ್ಪೆ ಮುಖ ನೋಡಿ, “ನಿನ್ನ ಮೂಗಿಗೆ ಏನೂ ಆಗಿಲ್ಲ ಕಣೋ. ಅವರವರ ಮನೆ ವಾಸನೆ ಅವರವರಿಗೆ ಗೊತ್ತಾಗಲ್ಲ, ಅಷ್ಟೆ. ಹೊರಗಿನವರು ಹೇಳ್ಬೇಕು. ಅವರು ಮರ್ಯಾದೆಗೆ ಹೇಳಲ್ಲ” ಎಂದು ಸಮಾಧಾನ ಮಾಡಿದರು.

ಈ ಮಾತು ನನ್ನ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು. ದೊಡ್ಡಮ್ಮನ ಮರ್ಯಾದೆ ಇನ್ನು ನಾಲ್ಕು ದಿನ ಮುಂದುವರಿದಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ನಾನೊಂದು ನಿರ್ಧಾರಕ್ಕೆ ಬಂದೆ. ನನ್ನ ಮನೆಯಲ್ಲಿ ಬೇಡವಾದ ಮೂಗನ್ನು ಲೋಕೋಪಕಾರಕ್ಕೆ ಬಳಸುತ್ತೇನೆ. ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ, ದಾಕ್ಷಿಣ್ಯ ಬಿಟ್ಟು, ಇದ್ದ ವಾಸನೆ ಇದ್ದ ಹಾಗೆ ಹೇಳುತ್ತೇನೆ.

ಅವಕಾಶ ಬೇಗ ಬಂತು. ಫೆಬ್ರವರಿಯಲ್ಲಿ ಸೋಮವಾರವೂ ರಜೆಯಿದ್ದ ಒಂದು ಲಾಂಗ್ ವೀಕೆಂಡಿಗೆ ಡಾಕ್ಟರ್ ಮಾರುತಿ ನಮ್ಮನ್ನು ತಮ್ಮ ಹೊಸ ಮನೆ ನೋಡಲು ಕರೆದರು. ಬೆಳಿಗ್ಗೆ ಹೊರಟು ಸಂಜೆಗೆ ಬ್ಯಾಲಂಟೈನ್ ತಲುಪಿದೆವು. ಅಲ್ಲೂ ಆ ದಿನ ಚಳಿಗಾಳಿ. ಡಿಕ್ಕಿಯಿಂದ ನನ್ನ ದಪ್ಪ ಜಾಕೆಟ್ ತೆಗೆದು ಹಾಕಿಕೊಂಡು, ಗಂಟೆ ಒತ್ತಿ, ಒಳಗೆ ಕಾಲಿಟ್ಟೆ. ಮಾರುತಿ, ಅವರ ಹೆಂಡತಿ ಶೈಲಾ ಇಬ್ಬರೂ ಕೈ ಮುಗಿದು ನಿಂತಿದ್ದರು. ನಾನು ಬೂಟು ಬಿಚ್ಚುತ್ತಿದ್ದವನು ತಟ್ಟನೆ ನಿಂತೆ. ಗಪ್ಪೆಂದು ಹೊಡೆಯಿತು.

“ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮನೇಲಿ ಏನೋ ವಾಸನೆ ಇದೆ.”

ರೂಪಾ ನನ್ನ ತೋಳು ಚಿವುಟಿದಳು. ನಾನು ಲೆಕ್ಕಿಸಲಿಲ್ಲ.

“ಗ್ಯಾಸೇನ್ರಿ ಮತ್ತ?” ಮಾರುತಿ ಗಾಬರಿಯಾದರು. “ನಮ್ಮ ಮನ್ಯಾಗ ಗ್ಯಾಸೇ ಇಲ್ರಿ ಸರ. ಎಲ್ಲಾ ಕರೆಂಟಿನ ಒಲಿ.”

“ಗ್ಯಾಸಲ್ಲ. ಸ್ವಲ್ಪ ಕಮಟು, ಸ್ವಲ್ಪ ಒಗ್ಗರಣೆ, ಒಳಗೊಳಗೇ ಮುಗ್ಗಲು. ತುಂಬ ಹಳೇದು. ಗೋಡೆಗೆಲ್ಲಾದರೂ ನೀರಿಳಿದಿದ್ಯಾ ನೋಡಿ.”

ಹೊಸ ಮನೆ. ಇಬ್ಬರ ಮುಖವೂ ಬಾಡಿತು. ಎಲ್ಲರೂ ಸೇರಿ ಹುಡುಕಲು ಹೊರಟೆವು, ನಾನು ಮುಂದೆ. ಅಡುಗೆಮನೆಯಲ್ಲಿ ಮೂಸಿ “ಇಲ್ಲೂ ಇದೆ” ಎಂದೆ. ದೇವರ ಮನೆಯಲ್ಲೂ ಇತ್ತು. ಮಹಡಿ ಹತ್ತಿದೆವು, ಅಲ್ಲೂ ಇತ್ತು. ಇನ್ನೂ ಯಾರೂ ಮಲಗದ ಗೆಸ್ಟ್ ರೂಮಿನಲ್ಲಿ, ಕವರು ಬಿಚ್ಚದ ಹಾಸಿಗೆಯ ಪಕ್ಕದಲ್ಲೂ ಅದೇ ವಾಸನೆ. “ಮನೆಯೆಲ್ಲ ಹಬ್ಬಿದೆ ಡಾಕ್ಟ್ರೇ” ಎಂದು ನಾನು ಗಂಭೀರವಾಗಿ ಹೇಳುತ್ತಿದ್ದಾಗ, ಅಷ್ಟು ಹೊತ್ತೂ ಹಿಂದೆ ಹಿಂದೆಯೇ ಬರುತ್ತಿದ್ದ ಶೈಲಾ ಮೆತ್ತಗೆ ಅಂದರು:

“ಅಣ್ಣಾರ, ಒಂದ್ ಸಲ ಆ ಜಾಕೆಟ್ ತಗದು ಕೊಡ್ರಿ ನೋಡೂಣು.”

ಕೊಟ್ಟೆ. ಅವರು ಅದನ್ನು ಎರಡು ಬೆರಳಿನಲ್ಲಿ ಹಿಡಿದು ಕೆಳಗೆ ಹೋಗಿ ಗ್ಯಾರೇಜಿನಲ್ಲಿ ನೇತುಹಾಕಿ ಬಂದರು.

“ಈಗ ಹೆಂಗೈತ್ರಿ ಸರ?” ಎಂದರು ಮಾರುತಿ.

ನಾನು ಕಣ್ಣು ಮುಚ್ಚಿ ಉದ್ದಕ್ಕೆ ಎಳೆದೆ. ಹೊಸ ಬಣ್ಣದ, ಹೊಸ ಮರದ ತಿಳಿಯಾದ ಪರಿಮಳ. “ಈಗಿಲ್ಲ” ಎಂದೆ.

ದಿನವಿಡೀ ದಾರಿಯ ಗಾಳಿ ಕುಡಿದ ಮೂಗಿಗೆ ನನ್ನ ಸ್ವಂತ ಮನೆ ಮೊದಲ ಸಲ ಪರರ ಮನೆಯ ಹಾಗೆ ವಾಸನೆ ಹೊಡೆದಿತ್ತು. ತೀರ್ಪು ಮಾತ್ರ, ನಾನೇ ಹೇಳಬೇಕು, ಒಂದಂಶವೂ ತಪ್ಪಿರಲಿಲ್ಲ. ವಿಳಾಸವಷ್ಟೇ ತಪ್ಪಿತ್ತು.

ಸೋಮವಾರ ಹೊರಡುವಾಗ ಶೈಲಾ ಜಾಕೆಟನ್ನು ಗ್ಯಾರೇಜಿನಿಂದ ತಂದುಕೊಟ್ಟು, “ಈಗ ಏನೂ ವಾಸ್ನಿ ಇಲ್ರಿ ಅಣ್ಣಾರ, ಎಲ್ಲಾ ಹೋಗೇತಿ” ಎಂದರು. ಅವರ ಮುಖದಲ್ಲಿದ್ದ ಮರ್ಯಾದೆ ನನಗೆ ಪರಿಚಿತವಾದದ್ದೇ. ನಾನು ನಂಬಿದವನಂತೆ ಹಾಕಿಕೊಂಡೆ. ಕಾರು ಅವರ ಬೀದಿಯ ತಿರುವು ದಾಟಿತೋ ಇಲ್ಲವೋ, ಆ ಚಳಿಯಲ್ಲೂ ಹಿಂದಿನ ಸೀಟಿನಲ್ಲಿ ಅನಘಾ ಸದ್ದಿಲ್ಲದೆ ಗಾಜು ಇಳಿಸಿದಳು.

“ಯಾಕಮ್ಮ?” ಎಂದೆ.

“ನಥಿಂಗ್, ಅಪ್ಪಾ” ಎಂದಳು. ಸ್ವಲ್ಪ ತಡೆದು, ನಾನು ಕಲಿಸಿದ ಅಷ್ಟೂ ಪದಗಳಲ್ಲಿ ಸರಿಯಾದದ್ದನ್ನೇ ಆರಿಸಿ, ತನ್ನ ಅಮೆರಿಕದ ಉಚ್ಚಾರದಲ್ಲಿ ಸೇರಿಸಿದಳು: “ಜಸ್ಟ್ ಸ್ವಲ್ಪ... ಮುಗ್ಗಲು.”

ಚಳಿಗೆ ನನ್ನ ಕಣ್ಣಲ್ಲಿ ನೀರು ಬಂತು. ಹುದ್ದೆ ಮನೆತನದಲ್ಲೇ ಉಳಿಯಿತಲ್ಲ ಎಂದುಕೊಂಡು ನನ್ನ ಪಕ್ಕದ ಗಾಜನ್ನೂ ಇಳಿಸಿದೆ.